1914ರ ‘ಪಂಚ್’ ಸಂಪುಟ ಸಿಕ್ಕಿದೆ. ಈ ಚಿತ್ರಗಳನ್ನು ಓದೋದು ಹೇಗೆ?

ಹಳೇಹಾಳೆ | ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೆದಕುವಾಗ ದಪ್ಪ ಬೈಂಡಿನ ಸಂಪುಟವೊಂದು ಸಿಕ್ಕಿತು. ಲಂಡನ್ನಿನ ‘ಪಂಚ್’ ವಾರಪತ್ರಿಕೆ. 1914ರ ಜುಲೈನಿಂದ ಡಿಸೆಂಬರ್‌ವರೆಗಿನದು, ಸಂಪುಟ 147. ಬೆನ್ನು ಕಿತ್ತುಹೋಗಿದೆ, ಎರಡು ಕಡೆ ಹುಳ ತೂತು ಕೊರೆದಿದೆ. ಅಂಗಡಿಯವರು 600 ಹೇಳಿದರು, 450ಕ್ಕೆ ಕೊಟ್ಟರು. ಮನೆಗೆ ತಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: ‘ಜಿರಳೆ ಮೊಟ್ಟೆ ಇಲ್ಲ ತಾನೇ?’

ಜೋಕುಗಳು ಮುಕ್ಕಾಲು ಪಾಲು ಅರ್ಥವಾಗಲಿಲ್ಲ, ಅದು ಬಿಡಿ. ನನ್ನನ್ನು ಹಿಡಿದು ಕೂರಿಸಿದ್ದು ಇಡೀ ಪುಟಕ್ಕೆ ಹಾಕಿರುವ ರಾಜಕೀಯ ಚಿತ್ರಗಳು. ಜುಲೈ 29ರ ಸಂಚಿಕೆ ನೋಡಿ. ಆಸ್ಟ್ರಿಯಾ ಒಂದು ಹದ್ದು. ಎದುರಿಗೆ ಸರ್ಬಿಯಾ, ಪುಟ್ಟ ಹಕ್ಕಿ. ಬಂಡೆಯ ಹಿಂದೆ ಕರಡಿ. ‘ಇವನ ಧೈರ್ಯ ನೋಡಿದರೆ ಯಾಕೋ ಸರಿ ಕಾಣುತ್ತಿಲ್ಲ, ಹಿಂದೆ ಯಾರೋ ಇರಬೇಕು’ ಅನ್ನುತ್ತದೆ ಹದ್ದು. ಬರೆದಾಗ ಇನ್ನೂ ಆಸ್ಟ್ರಿಯಾ ಸರ್ಬಿಯಾಕ್ಕೆ ಗಡುವು ಕೊಟ್ಟ ಹಂತ. ಸಂಚಿಕೆಯ ತಾರೀಕು ಬರುವಷ್ಟರಲ್ಲಿ, ಅಂದರೆ ಹಿಂದಿನ ದಿನವೇ, ಆಸ್ಟ್ರಿಯಾ ಯುದ್ಧ ಸಾರಿಬಿಟ್ಟಿತ್ತು, ಮೊದಲ ಮಹಾಯುದ್ಧ ಶುರುವಾಗಿತ್ತು.

ಎರಡು ವಾರ ಬಿಟ್ಟು ಆಗಸ್ಟ್ 12ಕ್ಕೆ ‘ಶಭಾಷ್ ಬೆಲ್ಜಿಯಂ!’ ಅನ್ನೋ ಚಿತ್ರ. ಹಳ್ಳಿಯ ಒಂದು ಗೇಟು, ಅದರ ಮೇಲೆ ‘ಈ ಕಡೆ ದಾರಿ ಇಲ್ಲ’ ಅನ್ನೋ ಬೋರ್ಡು. ಮುಂದೆ ಒಬ್ಬ ಹುಡುಗ ಕೋಲು ಹಿಡಿದು ನಿಂತಿದ್ದಾನೆ. ಎದುರಿಗೆ ದೊಣ್ಣೆ ಹಿಡಿದ ಡೊಳ್ಳುಹೊಟ್ಟೆಯ ಮುದುಕ, ಅವನೇ ಜರ್ಮನಿ. ಅವನ ಜೇಬಿನಿಂದ ಸಾಸೇಜಿನ ಮಾಲೆ ಜೋತುಬಿದ್ದಿದೆ. ನೋಡಿದ ಕೂಡಲೇ ನಕ್ಕೆ. ಆಮೇಲೆ ನೆನಪಾಯಿತು, ಅದೇ ವಾರಗಳಲ್ಲಿ ಆ ‘ಹುಡುಗ’ನ ಊರುಗಳು ಸುಟ್ಟುಹೋಗುತ್ತಿದ್ದವು.

ನನ್ನ ಪ್ರಶ್ನೆ ಎರಡು. ಕರಡಿ ಅಂದರೆ ರಷ್ಯಾ, ಸಿಂಹ ಅಂದರೆ ಬ್ರಿಟನ್ ಅಂತ ಓದುಗರಿಗೆ ಯಾರು ಪಾಠ ಮಾಡಿದ್ದರು? ಇನ್ನೊಂದು, ಈ ಚಿತ್ರಕಾರರು ನಿಜಕ್ಕೂ ಎದೆಗಾರರೋ, ಸುಮ್ನೆ ಸರ್ಕಾರ ಹೇಳಿದ್ದನ್ನು ಬರೆದವರೋ?

ಮಸಿಡಬ್ಬಿ | ಶನಿವಾರ ರಾತ್ರಿ 10:05

ಒಳ್ಳೆ ಬೇಟೆ ಸರ್. ನಾನು 31 ವರ್ಷ ಪ್ರೆಸ್ಸಿನಲ್ಲಿ ದುಡಿದವನು. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್‌ವರೆಗೆ ಎಲ್ಲ ನೋಡಿದ್ದೇನೆ. ಹಾಗಾಗಿ ಬರೆದವನಿಗಿಂತ ಮೊದಲು ಅದನ್ನು ಅಚ್ಚಿಗೆ ಇಳಿಸಿದವನ ಕಡೆ ನನ್ನ ಕಣ್ಣು ಹೋಗುತ್ತದೆ, ಕ್ಷಮಿಸಿ.

1841ರಲ್ಲಿ ಪಂಚ್ ಶುರುವಾದಾಗ ಚಿತ್ರ ಅಂದರೆ ಮರದ ಬ್ಲಾಕು. ಜಾನ್ ಟೆನಿಯಲ್ ಅನ್ನೋ ಪುಣ್ಯಾತ್ಮ 1901ರವರೆಗೆ ಅಲ್ಲಿ ಬರೆದರು. ಅವರ ವಾರ ಹೀಗೆ: ಬುಧವಾರ ರಾತ್ರಿ ವಿಷಯ ತೀರ್ಮಾನ. ಗುರುವಾರ ಚಿತ್ರ. ಶುಕ್ರವಾರ ಅದನ್ನು ಮರದ ಮೇಲೆ ಇಳಿಸೋದು. ಸಂಜೆಗೆ ಸ್ವೇನ್ ಅನ್ನೋ ಕೆತ್ತನೆಯವರ ಕಡೆಯವರು ಬಂದು ಒಯ್ಯುತ್ತಿದ್ದರು. ಅಚ್ಚಾಗುವಾಗ ಎಡ ಬಲ ಆಗುತ್ತದೆ, ಹಾಗಾಗಿ ಮರದ ಮೇಲೆ ಎಲ್ಲ ಉಲ್ಟಾ ಇರಬೇಕು. ಪೆನ್ಸಿಲಿನ ಗೆರೆ ಉಳಿಸಿ ಅದರ ಅಕ್ಕಪಕ್ಕದ ಮರ ಕೆತ್ತಿ ತೆಗೆಯಬೇಕು. ಒಂದು ಗೆರೆ ಬರೆಯೋಕೆ ಟೆನಿಯಲ್‌ಗೆ ಒಂದು ಕ್ಷಣ. ಅದೇ ಗೆರೆ ಉಳಿಸೋಕೆ ಕೆತ್ತುವವನು ಎರಡೂ ಕಡೆ ಉಳಿ ಓಡಿಸಬೇಕು. ಅಡ್ಡಡ್ಡ ಗೆರೆ ಎಳೆದು ನೆರಳು ಕೊಟ್ಟಿದ್ದರಂತೂ ಮುಗಿಯಿತು. ನಡುವಿನ ಒಂದೊಂದು ಪುಟ್ಟ ಚೌಕವನ್ನೂ ಚುಚ್ಚಿ ತೆಗೆಯಬೇಕು. ಚಿತ್ರದ ಕೆಳಗೆ ಹೆಸರು ಮಾತ್ರ ಕಲಾವಿದರದ್ದು.

ನಿಮ್ಮ 1914ರ ಸಂಪುಟ ಬೇರೆ ಕಾಲದ್ದು. ಅಷ್ಟರಲ್ಲಿ ಲೈನ್ ಬ್ಲಾಕ್ ಬಂದಿತ್ತು. ಕಾಗದದ ಮೇಲೆ ಮಸಿಯಲ್ಲಿ ಬರೆದದ್ದನ್ನು ಫೋಟೋ ತೆಗೆದು, ಜಿಂಕ್ ತಗಡಿನ ಮೇಲೆ ಇಳಿಸಿ ಆಸಿಡ್ಡಿನಲ್ಲಿ ಕೊರೆಯೋದು. ನಮ್ಮ ಪ್ರೆಸ್ಸಿನಲ್ಲೂ ಮದುವೆ ಕರೆಯೋಲೆಯ ಗಣಪತಿ ಇದೇ ಥರ ಬರುತ್ತಿದ್ದ. ಒಂದು ಭೂತಗನ್ನಡಿ ಇಟ್ಟು ನೋಡಿ. ಗೆರೆ ಶುರುವಲ್ಲಿ ಸಣ್ಣ, ನಡುವೆ ದಪ್ಪ, ಕೊನೆಗೆ ಮತ್ತೆ ಸಣ್ಣ ಆಗಿದ್ದರೆ ಅದು ನಿಬ್ಬಿನ ಒತ್ತಡ. ಮನುಷ್ಯನ ಕೈ ಅಲ್ಲಿ ಹಾಗೇ ಇದೆ ಅಂತ ಅರ್ಥ.

ಚರಿತ್ರೆಮೇಡಂ | ಶನಿವಾರ ರಾತ್ರಿ 10:48

ಸಿಂಹ, ಕರಡಿಗಳ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಪಿಯುಸಿ ಮಕ್ಕಳಿಗೆ ಚರಿತ್ರೆ ಹೇಳುತ್ತೇನೆ, ವರ್ಷಕ್ಕೊಂದು ಸಲ ಈ ಚಿತ್ರಗಳನ್ನು ಕ್ಲಾಸಿಗೆ ಒಯ್ಯುತ್ತೇನೆ.

ಯಕ್ಷಗಾನ ನೋಡುವವರಿಗೆ ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಅಂತ ಗೊತ್ತಾಗುತ್ತದೆ ಅಲ್ವಾ? ಹೆಸರು ಹೇಳಬೇಕಾಗಿಲ್ಲ. ಬ್ರಿಟಿಷ್ ಓದುಗರಿಗೂ ಹಾಗೇ. ಸಿಂಹ, ಕರಡಿ, ದಪ್ಪ ರೈತನಂಥ ಜಾನ್ ಬುಲ್, ತ್ರಿಶೂಲ ಹಿಡಿದ ಬ್ರಿಟಾನಿಯಾ, ಇವರೆಲ್ಲ ತಲೆಮಾರುಗಳಿಂದ ನೋಡಿದ ವೇಷಗಳು. ನಿಜವಾದ ಮನುಷ್ಯರಿಗೂ ಒಂದೊಂದು ಗುರುತು ಕಟ್ಟುತ್ತಿದ್ದರು. ಜೋಸೆಫ್ ಚೇಂಬರ್ಲೇನ್ ಅನ್ನೋ ರಾಜಕಾರಣಿಗೆ ಒಂಟಿ ಕಣ್ಣಿನ ಕನ್ನಡಕ, ಕೋಟಿನಲ್ಲಿ ಆರ್ಕಿಡ್ ಹೂವು. ಅಷ್ಟು ಬರೆದರೆ ನರಿಯ ಮುಖ ಇಟ್ಟರೂ ಜನ ಅವರನ್ನೇ ಕಾಣುತ್ತಿದ್ದರು. ವೆಸ್ಟ್‌ಮಿನ್‌ಸ್ಟರ್ ಗೆಜೆಟ್ ಪತ್ರಿಕೆಯಲ್ಲಿ ಫ್ರಾನ್ಸಿಸ್ ಕರುಥರ್ಸ್ ಗೌಲ್ಡ್ ಹಾಗೇ ಬರೆದೂ ಬರೆದೂ ಇಟ್ಟರು. ಮೊದಲು ಷೇರುಪೇಟೆಯಲ್ಲಿದ್ದ ಮನುಷ್ಯ ಅವರು. ಬ್ರಿಟನ್ನಿನ ದಿನಪತ್ರಿಕೆಯೊಂದರ ಸಿಬ್ಬಂದಿಯಾಗಿ ರಾಜಕೀಯ ಚಿತ್ರ ಬರೆದ ಮೊದಲಿಗರು ಅವರೇ ಅನ್ನುತ್ತಾರೆ.

1903ರ ಬ್ರೆಡ್ಡಿನ ಕಥೆ ಗೊತ್ತಾ? ಆಮದಿಗೆ ಸುಂಕ ಹಾಕಬೇಕು ಅಂತ ಚೇಂಬರ್ಲೇನ್ ಊರೂರು ತಿರುಗುತ್ತಿದ್ದರು. ಸುಂಕ ಹಾಕಿದರೆ ಬಡವರ ಬ್ರೆಡ್ಡು ಚಿಕ್ಕದಾಗುತ್ತದೆ ಅಂತ ಲಿಬರಲ್ ಪಕ್ಷದವರ ಕೂಗು. ಅದಕ್ಕೆ ಚೇಂಬರ್ಲೇನ್ ಬರ್ಮಿಂಗ್‌ಹ್ಯಾಮ್ ಸಭೆಗೆ ಎರಡು ಬ್ರೆಡ್ಡು ತಂದು ಎತ್ತಿ ತೋರಿಸಿದರು: ‘ಯಾವುದು ಚಿಕ್ಕದು, ನೀವೇ ಹೇಳಿ!’ ನಿಜಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ಎದುರಾಳಿಗಳಿಗೆ ಬೇಕಾಗಿದ್ದೂ ಅದೇ, ಬರೆಯೋಕೆ ಒಂದು ಸಾಮಾನು. ‘ದೊಡ್ಡ ಬ್ರೆಡ್ಡು, ಚಿಕ್ಕ ಬ್ರೆಡ್ಡು’ ಗೋಡೆಗೋಡೆಯ ಮೇಲೆ ಬಂತು. 1906ರ ಚುನಾವಣೆಯಲ್ಲಿ ಲಿಬರಲ್ಲರು ಭಾರಿ ಬಹುಮತದಿಂದ ಗೆದ್ದರು. ಚಿತ್ರದಿಂದಲೇ ಗೆದ್ದರು ಅನ್ನೋದಿಲ್ಲ. ಆದರೆ ಸುಂಕದ ಲೆಕ್ಕ ತಲೆಗೆ ಹತ್ತದ ಮನೆಗೂ ಬ್ರೆಡ್ಡಿನ ಗಾತ್ರ ಹತ್ತಿತು.

ತಕರಾರು | ಶನಿವಾರ ರಾತ್ರಿ 11:30

ಎಲ್ಲ ಸರಿ, ನಮ್ಮನ್ನು ಇವರು ಹೇಗೆ ಬರೆದರು ಅಂತಲೂ ಹೇಳಿ. 1857ರ ಆಗಸ್ಟ್‌ನಲ್ಲಿ ಇದೇ ಟೆನಿಯಲ್ ಬರೆದ ಚಿತ್ರ ನೋಡಿದ್ದೀರಾ? ಬಂಗಾಳದ ಹುಲಿಯ ಮೇಲೆ ಬ್ರಿಟಿಷ್ ಸಿಂಹ ಎಗರುತ್ತಿದೆ. ಹುಲಿಯ ಕೆಳಗೆ ಬಿಳಿ ಹೆಂಗಸು, ಮಗು. ಇಡೀ ಸಿಪಾಯಿ ದಂಗೆ ಒಂದು ಮೃಗ ಆಗಿಹೋಯಿತು. ಐರಿಷ್ ಜನರನ್ನಂತೂ ಕೋತಿ ಮುಖ ಇಟ್ಟು ಬರೆಯುತ್ತಿದ್ದರು. ನಿಮ್ಮ 147ನೇ ಸಂಪುಟದಲ್ಲೇ ಸೆಪ್ಟೆಂಬರ್ 9ರ ಸಂಚಿಕೆ ತೆಗೆಯಿರಿ, ‘ರಾಜನಿಗಾಗಿ ಭಾರತ’ ಅಂತ ಇರುತ್ತದೆ. ಅಷ್ಟು ಹೊತ್ತಿಗೆ ಹುಲಿ ಹೋಗಿ ನಿಷ್ಠಾವಂತ ಸೈನಿಕ ಬಂದ. ಕೆಲಸಕ್ಕೆ ಬೇಕಾದಾಗ ವೇಷ ಬದಲು!

ಹಳೇಹಾಳೆ | ಭಾನುವಾರ ಬೆಳಿಗ್ಗೆ 7:20

ತೆಗೆದು ನೋಡಿದೆ, ಇದೆ. ಜೆ.ಸಿ. ನಗರದ ಹತ್ತಿರ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಎಷ್ಟೋ ಸಲ ಸ್ಕೂಟರಿನಲ್ಲಿ ಹೋಗಿದ್ದೇನೆ. ಆ ಕುದುರೆ ಸವಾರರೂ 1914ರಲ್ಲೇ ಈಜಿಪ್ಟಿಗೆ ಹೊರಟದ್ದು, 1918ರ ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ ಕಾದಾಡಿದ್ದು. ಈ ಚಿತ್ರ ನೋಡಿದ ಮೇಲೆ ಸ್ಮಾರಕದ ಹೆಸರುಗಳನ್ನು ಇನ್ನೊಂದು ಸಲ ಓದಬೇಕು ಅನ್ನಿಸಿತು.

ಗೀಚುಗಾರ | ಭಾನುವಾರ ಬೆಳಿಗ್ಗೆ 9:02

ನಾನೂ ಕಾರ್ಟೂನು ಬರೆಯುವವನು, ಹೊಟ್ಟೆಪಾಡಿಗಲ್ಲ. ‘ಎದೆಗಾರರೋ ಅಲ್ಲವೋ’ ಅನ್ನೋ ಪ್ರಶ್ನೆಗೆ ನಿಮ್ಮ ‘ಶಭಾಷ್ ಬೆಲ್ಜಿಯಂ’ ಪಕ್ಕ ಇನ್ನೊಂದು ಚಿತ್ರ ಇಟ್ಟು ನೋಡಿ.

ಅದೇ ಪತ್ರಿಕೆ, 1906ರ ನವೆಂಬರ್ 28. ಬರೆದವರು ಲಿನ್ಲೆ ಸ್ಯಾಂಬೋರ್ನ್. ಕಾಂಗೋ ದೇಶದ ಒಬ್ಬ ಮನುಷ್ಯ. ಅವನ ಮೈಗೆ ರಬ್ಬರ್ ಬಳ್ಳಿ ಹೆಬ್ಬಾವಿನ ಹಾಗೆ ಸುತ್ತಿಕೊಂಡಿದೆ. ಆ ಹಾವಿಗೆ ಉದ್ದ ಗಡ್ಡದ ಮುಖ, ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡನದು. ಹಿಂದೆ ಒಬ್ಬ ಹೆಂಗಸು ಮಗು ಎತ್ತಿಕೊಂಡು ಓಡುತ್ತಿದ್ದಾಳೆ. ಕಾಂಗೋ ಆಗ ಆ ರಾಜನ ಸ್ವಂತ ಆಸ್ತಿಯ ಹಾಗಿತ್ತು. ರಬ್ಬರ್ ಸಾಕಷ್ಟು ತರದಿದ್ದರೆ ಜನರ ಕೈ ಕತ್ತರಿಸಿದ ವರದಿಗಳು ಹೊರಬರುತ್ತಿದ್ದ ಕಾಲ. ಎರಡು ವರ್ಷದ ಮೇಲೆ, 1908ರಲ್ಲಿ, ಕಾಂಗೋವನ್ನು ಅವನ ಕೈಯಿಂದ ಬೆಲ್ಜಿಯಂ ಸರ್ಕಾರ ತೆಗೆದುಕೊಂಡಿತು.

1906ರಲ್ಲಿ ಬೆಲ್ಜಿಯಂ ಅಂದರೆ ಹಾವು. 1914ರಲ್ಲಿ ಕೋಲು ಹಿಡಿದ ಮುಗ್ಧ ಹುಡುಗ. ನಡುವೆ ಎಂಟೇ ವರ್ಷ. ರಾಜ ಬದಲಾಗಿದ್ದ, ಒಪ್ಪುತ್ತೇನೆ. ಆದರೂ ಹಾವಿನ ಕಡತ ಇಷ್ಟು ಬೇಗ ಅಟ್ಟ ಸೇರಿತಲ್ಲ!

ಥೇಮ್ಸ್‌ದಂಡೆ | ಭಾನುವಾರ ಮಧ್ಯಾಹ್ನ 1:15

ಲಂಡನ್ನಿನಿಂದ ನಮಸ್ಕಾರ. ಸ್ಯಾಂಬೋರ್ನ್ ಹೆಸರು ಬಂತು, ಸುಮ್ಮನಿರೋಕೆ ಆಗಲಿಲ್ಲ. ಅವರ ಮನೆ ಈಗ ಮ್ಯೂಸಿಯಂ. ಕೆನ್ಸಿಂಗ್ಟನ್ನಿನ ಸ್ಟ್ಯಾಫರ್ಡ್ ಟೆರೇಸ್, 18ನೇ ನಂಬರು. ಊರಿಂದ ಅಪ್ಪ ಅಮ್ಮ ಬಂದಾಗ ಮಳೆ ಅಂತ ಒಳಗೆ ಹೊಕ್ಕೆವು. ಎರಡು ಗಂಟೆ ಹೊರಗೆ ಬರಲಿಲ್ಲ.

ಸ್ಯಾಂಬೋರ್ನ್‌ಗೆ ಫೋಟೋ ಹುಚ್ಚು. ಯಾವ ಭಂಗಿ ಬೇಕೋ ಅದನ್ನು ಮೊದಲು ಫೋಟೋ ತೆಗೆಯುತ್ತಿದ್ದರು, ಅದನ್ನು ನೋಡಿ ಚಿತ್ರ ಬರೆಯುತ್ತಿದ್ದರು. ಮಾಡೆಲ್ ಯಾರು ಅಂತೀರಿ? ಹೆಂಡತಿ ಮಕ್ಕಳು, ಆಳುಕಾಳು, ಗಾಡಿ ಹೊಡೆಯುವವನು. ಯಾರೂ ಸಿಗದಿದ್ದರೆ ತಾವೇ. ಹೊಟ್ಟೆ ಬಂದ ಮೀಸೆಯ ಗೃಹಸ್ಥ ಬೆಡ್‌ಶೀಟ್ ಸುತ್ತಿಕೊಂಡು ದೇವತೆ ಥರ ಕೈ ಚಾಚಿ ನಿಂತಿರೋದು! ನೀಲಿ ಬಣ್ಣದ ಸಯನೋಟೈಪ್ ಪ್ರಿಂಟುಗಳು. ಅದನ್ನೆಲ್ಲ ತೊಳೆಯುತ್ತಿದ್ದದ್ದು ಮನೆಯ ಸ್ನಾನದ ಕೋಣೆಯಲ್ಲಿ, ಅಮೃತಶಿಲೆಯ ತೊಟ್ಟಿಯಲ್ಲಿ. ಅಮ್ಮ ಆ ತೊಟ್ಟಿ ನೋಡಿ, ‘ಪಾಪ, ಮನೆ ಹೆಂಗಸರು ಸ್ನಾನಕ್ಕೆ ಎಷ್ಟು ಹೊತ್ತು ಕಾಯುತ್ತಿದ್ದರೋ’ ಅಂದರು.

ಇನ್ನು ಯಾರು ತೀರ್ಮಾನ ಮಾಡುತ್ತಿದ್ದರು ಅನ್ನೋ ಪ್ರಶ್ನೆ. ಪಂಚ್‌ನಲ್ಲಿ ಬುಧವಾರ ಊಟ ಅಂತ ಇತ್ತು. ಸಂಪಾದಕ, ಬರಹಗಾರರು, ಚಿತ್ರಕಾರರು, ಮಾಲೀಕರು ಒಂದೇ ಮೇಜಿನ ಸುತ್ತ. ಊಟ ಮುಗಿದ ಮೇಲೆ ಈ ವಾರದ ದೊಡ್ಡ ಚಿತ್ರ ಏನು ಅಂತ ಚರ್ಚೆ. ಮೇಜಿನ ಬಳಗಕ್ಕೆ ಸೇರಿದವರು ಮರದ ಮೇಲೆ ತಮ್ಮ ಹೆಸರಿನ ಅಕ್ಷರ ಕೆತ್ತುತ್ತಿದ್ದರು. ಆ ಮೇಜು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂದರೆ ಸ್ಯಾಂಬೋರ್ನ್ ಆಗಲಿ, ಅವರ ನಂತರ 1910ರಲ್ಲಿ ಮುಖ್ಯ ಚಿತ್ರಕಾರರಾದ ಬರ್ನಾರ್ಡ್ ಪಾರ್ಟ್ರಿಜ್ ಆಗಲಿ, ಒಬ್ಬರೇ ಕೂತು ಸಿಟ್ಟು ಕಾರಿದವರಲ್ಲ. ಸರ್ಕಾರ ಹೇಳಿದ್ದೂ ಅಲ್ಲ, ಒಬ್ಬನ ಧೈರ್ಯವೂ ಅಲ್ಲ. ಹೊಟ್ಟೆ ತುಂಬಿದ ಹತ್ತು ಜನರ ಒಮ್ಮತ.

ಗೀಚುಗಾರ | ಭಾನುವಾರ ಮಧ್ಯಾಹ್ನ 1:40

‘ಹೊಟ್ಟೆ ತುಂಬಿದ ಹತ್ತು ಜನರ ಒಮ್ಮತ’. ಇದನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ನಾನು ಮೂರು ತಿಂಗಳು ಒಂದು ಪತ್ರಿಕೆಗೆ ಪಾಕೆಟ್ ಕಾರ್ಟೂನು ಬರೆದೆ. ಹೆಸರು ಬೇಡ. ಒಂದು ದಿನ ರಸ್ತೆ ಗುಂಡಿಯ ಮೇಲೆ ಬರೆದದ್ದನ್ನು ಕಳಿಸಿದೆ. ಮರುದಿನ ನೋಡಿದರೆ ಚಿತ್ರ ನನ್ನದೇ, ಕೆಳಗಿನ ಸಾಲು ಬೇರೆ. ಗುಂಡಿ ತೋಡಿದವರನ್ನು ಬೈದದ್ದು ಹೋಗಿ ‘ನಿಧಾನವಾಗಿ ಚಲಿಸಿ’ ಅನ್ನೋ ಅರ್ಥದ ಉಪದೇಶ ಬಂದಿತ್ತು! ನನಗೆ ಊಟವನ್ನೂ ಹಾಕಿರಲಿಲ್ಲ.

ಚರಿತ್ರೆಮೇಡಂ | ಭಾನುವಾರ ಸಂಜೆ 4:10

ಆ ಮೇಜಿನ ಒಮ್ಮತ ಹೇಗಿರುತ್ತಿತ್ತು ಅಂತ ಒಂದು ಉದಾಹರಣೆ. 1909ರ ಏಪ್ರಿಲ್ 28, ಪಾರ್ಟ್ರಿಜ್ ಚಿತ್ರ. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಮಾರನೇ ದಿನ ಬಜೆಟ್ ಮಂಡಿಸಬೇಕು. ವೃದ್ಧರ ಪಿಂಚಣಿಗೆ, ಯುದ್ಧನೌಕೆಗೆ ದುಡ್ಡು ಬೇಕು. ಶ್ರೀಮಂತರಿಗೆ, ಜಮೀನಿಗೆ ತೆರಿಗೆ ಬರುತ್ತದೆ ಅಂತ ಎಲ್ಲರಿಗೂ ವಾಸನೆ ಹೊಡೆದಿತ್ತು. ಪಾರ್ಟ್ರಿಜ್ ಅವರನ್ನು ಮಕ್ಕಳ ಕಥೆಯ ನರಭಕ್ಷಕ ದೈತ್ಯ ಮಾಡಿದರು. ಕೈಯಲ್ಲಿ ಬಜೆಟ್ ಅಂತ ಬರೆದ ಗದೆ. ಮೇಜಿನ ಕೆಳಗೆ ನಡುಗುತ್ತಾ ಅವಿತಿರುವ ಹಣವಂತ. ‘ಕೋಟ್ಯಧಿಪತಿಯ ರಕ್ತದ ವಾಸನೆ ಬರುತ್ತಿದೆ’ ಅನ್ನೋ ಧಾಟಿಯ ಪದ್ಯ ಕೆಳಗೆ. ತಮಾಷೆ ನೋಡಿ. ಹಣವಂತನೂ ನಗೆಪಾಟಲಾಗಿದ್ದಾನೆ, ಆದರೆ ರಾಕ್ಷಸ ಯಾರು ಅಂದರೆ ತೆರಿಗೆ ಹಾಕುವವನು. ನವೆಂಬರ್ 30ಕ್ಕೆ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಬಜೆಟ್ಟನ್ನೇ ತಳ್ಳಿಹಾಕಿತು. ಆ ಜಗಳ ಮುಗಿದದ್ದು 1911ರ ಕಾಯ್ದೆ ಲಾರ್ಡ್ಸ್ ಸಭೆಯ ಕೈ ಕಟ್ಟಿದ ಮೇಲೆ.

ನನಗೆ ಇದಕ್ಕಿಂತ ಹೆಚ್ಚು ಹತ್ತಿರದ್ದು ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರ ಚಿತ್ರಗಳು. ಈ ಕಥೆಯಲ್ಲಿ ಮೇಜಿನ ಗಂಡಸರಿಗೆ ಎದುರು ಮೇಜು ಹಾಕಿದ್ದು ಅವರೇ. 1906ರ ಜನವರಿಯಲ್ಲಿ ಪಾರ್ಟ್ರಿಜ್ ‘ಕಿರುಚುವ ಅಕ್ಕ’ನನ್ನು ಬರೆದರು. ಒಬ್ಬಳು ಕೂಗಾಡುತ್ತಿದ್ದಾಳೆ, ಇನ್ನೊಬ್ಬಳು ‘ತಿಳಿವಳಿಕೆ ಇರುವವಳು’. ‘ನೀನು ನಮಗೆ ಸಹಾಯ ಮಾಡೋದಾ? ನೀನೇ ನಮ್ಮ ದೊಡ್ಡ ಶತ್ರು’ ಅನ್ನುತ್ತಾಳೆ ಈಕೆ. ಇವತ್ತಿಗೂ ಕೇಳೋ ಮಾತು ಅಲ್ವಾ, ‘ಕೇಳೋದನ್ನು ಮರ್ಯಾದೆಯಿಂದ ಕೇಳಮ್ಮ’ ಅಂತ.

1912ರಲ್ಲಿ ಜಾನ್ ಹ್ಯಾಸಲ್ ಬರೆದ ವಿರೋಧಿ ಪೋಸ್ಟರ್ ಇನ್ನೂ ಚೆನ್ನಾಗಿದೆ, ಅಂದರೆ ಕೆಟ್ಟದಾಗಿ ಚೆನ್ನಾಗಿದೆ. ಗಂಡ ದಿನವಿಡೀ ದುಡಿದು ಮನೆಗೆ ಬಂದಿದ್ದಾನೆ. ಮಕ್ಕಳು ಅಳುತ್ತಿವೆ, ಮನೆ ಚೆಲ್ಲಾಪಿಲ್ಲಿ. ಗೋಡೆಯ ಮೇಲೆ ‘ಹೆಂಗಸರಿಗೆ ಮತ’ ಅನ್ನೋ ಹಾಳೆ, ಅದರಲ್ಲಿ ‘ಒಂದು ಗಂಟೆಯಲ್ಲಿ ಬರುತ್ತೇನೆ’ ಅಂತ ಚೀಟಿ. ಕ್ಲಾಸಿನಲ್ಲಿ ತೋರಿಸಿದಾಗ ಹುಡುಗರೆಲ್ಲ ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, ‘ಮಿಸ್, ಅವನು ಬಂದಾಯ್ತಲ್ಲ, ಮಗು ಎತ್ತಿಕೊಳ್ಳಲಿ’ ಅಂದಳು. ಆ ದಿನದ ಪಾಠ ಅಲ್ಲಿಗೆ ಮುಗಿಸಿದೆ.

ಹೆಂಗಸರ ಉತ್ತರ ಬಂದದ್ದು ಪೋಸ್ಟ್‌ಕಾರ್ಡು, ಪೋಸ್ಟರುಗಳಲ್ಲಿ. 1909ರಲ್ಲಿ ‘ಸಫ್ರೇಜ್ ಅಟೆಲಿಯೆ’ ಅಂತ ಒಂದು ಕಲಾವಿದರ ಗುಂಪು ಹುಟ್ಟಿತು. ಅವರ ಒಂದು ಪೋಸ್ಟರ್ ಎರಡು ಸಾಲಿನದು. ಮೇಲೆ ಹೆಂಗಸರು: ಮೇಯರ್, ನರ್ಸ್, ತಾಯಿ, ಡಾಕ್ಟರ್ ಅಥವಾ ಟೀಚರ್, ಕಾರ್ಖಾನೆ ಕೆಲಸದವಳು. ಇವರು ಏನಾದರೂ ಆಗಿರಬಹುದು, ಮತ ಮಾತ್ರ ಇಲ್ಲ. ಕೆಳಗೆ ಗಂಡಸರು: ಜೈಲಿಗೆ ಹೋದವನು, ಬುದ್ಧಿ ಕೆಟ್ಟವನು, ಹೆಂಗಸರನ್ನು ಮಾರುವವನು, ಕುಡುಕ. ಇವರು ಏನೇ ಆಗಿದ್ದರೂ ಮತ ಕಳೆದುಕೊಳ್ಳೋದಿಲ್ಲ. ಹುಚ್ಚರನ್ನು ಆ ಸಾಲಿಗೆ ಸೇರಿಸಿದ್ದು ಇಂದಿಗೆ ಸರಿ ಕಾಣೋದಿಲ್ಲ, ನಿಜ. ಆದರೆ ವಾದ ಮುಗಿಸೋಕೆ ಆ ಎರಡು ಸಾಲು ಸಾಕು. 1918ರಲ್ಲಿ 30 ದಾಟಿದ ಹೆಂಗಸರಿಗೆ, ಅದೂ ಆಸ್ತಿಯ ಷರತ್ತಿನ ಮೇಲೆ, ಮತ ಸಿಕ್ಕಿತು. ಗಂಡಸರ ಸಮಕ್ಕೆ ಬರೋಕೆ 1928 ಆಯಿತು.

ಮಸಿಡಬ್ಬಿ | ಭಾನುವಾರ ಸಂಜೆ 5:25

ಮೇಡಂ, ಆ ಗುಂಪಿನವರು ಮರದ ಅಚ್ಚು, ಸ್ಟೆನ್ಸಿಲ್ ಎಲ್ಲ ಕೈಯಾರೆ ಮಾಡುತ್ತಿದ್ದರು. ಅದಕ್ಕೇ ಗೆರೆ ದಪ್ಪ, ಒರಟು. ದುಡ್ಡು ಕಡಿಮೆ ಇದ್ದಾಗ ದಪ್ಪ ಗೆರೆಯೇ ಲೇಸು. ಕಳಪೆ ಕಾಗದದ ಮೇಲೂ ಹರಡೋದಿಲ್ಲ, ದೂರದಿಂದಲೂ ಓದುತ್ತದೆ. ಪಂಚ್‌ನ ಕೂದಲಿನಂಥ ಗೆರೆಯನ್ನು ಪೋಸ್ಟರ್ ಮಾಡಿ ಗೋಡೆಗೆ ಹಚ್ಚಿದರೆ ಹತ್ತು ಹೆಜ್ಜೆಗೆ ಬೂದು ಬಣ್ಣ.

ತಕರಾರು | ಭಾನುವಾರ ರಾತ್ರಿ 8:50

ಸರಿ, ಎದೆಗಾರ ಒಬ್ಬನನ್ನು ನಾನೇ ತೋರಿಸುತ್ತೇನೆ, ಆಮೇಲೆ ತಕರಾರು ತೆಗೆಯುತ್ತೇನೆ.

ವಿಲ್ ಡೈಸನ್. ಆಸ್ಟ್ರೇಲಿಯಾದವನು, 1910ರಲ್ಲಿ ಲಂಡನ್ನಿಗೆ ಬಂದ. 1912ರಿಂದ ಡೈಲಿ ಹೆರಾಲ್ಡ್ ಅನ್ನೋ ಕಾರ್ಮಿಕರ ಪತ್ರಿಕೆಯಲ್ಲಿ ಬರೆದ. ಅವನ ಚಿತ್ರದಲ್ಲಿ ಬಂಡವಾಳಗಾರ ಅಂದರೆ ಟೋಪಿ ಹಾಕಿದ ಬೊಜ್ಜಿನ ಗುಡ್ಡ. 1919ರ ಮೇ ತಿಂಗಳಲ್ಲಿ, ಯುದ್ಧ ನಿಂತ ಮೇಲಿನ ವರ್ಸೇಲ್ಸ್ ಶಾಂತಿ ಒಪ್ಪಂದದ ಸಮಯದಲ್ಲಿ ಅವನು ಬರೆದದ್ದು ಎಲ್ಲರೂ ತೋರಿಸುವ ಚಿತ್ರ. ನಾಯಕರು ಸಭೆ ಮುಗಿಸಿ ಹೊರಬರುತ್ತಿದ್ದಾರೆ. ಹುಲಿ ಅಂತ ಅಡ್ಡಹೆಸರಿದ್ದ ಫ್ರಾನ್ಸಿನ ಕ್ಲೆಮೆನ್ಸೊ ನಿಂತು, ‘ವಿಚಿತ್ರ, ಎಲ್ಲೋ ಮಗು ಅಳುವ ಸದ್ದು ಕೇಳುತ್ತಿದೆ’ ಅನ್ನುತ್ತಾನೆ. ಕಂಬದ ಮರೆಯಲ್ಲಿ ಬೆತ್ತಲೆ ಮಗುವೊಂದು ಅಳುತ್ತಿದೆ. ಅದರ ತಲೆಯ ಮೇಲೆ ‘1940ರ ತಂಡ’ ಅಂತ ಬರೆದಿದೆ.

ಈಗ ತಕರಾರು. ಎಲ್ಲರೂ ಇದನ್ನು ಎರಡನೇ ಮಹಾಯುದ್ಧದ ‘ಭವಿಷ್ಯವಾಣಿ’ ಅಂತ ಹೇಳಿ ಕೈ ಮುಗಿಯುತ್ತಾರೆ. ಭವಿಷ್ಯ ಅಲ್ಲ, ಕೂಡೋ ಲೆಕ್ಕ. ಯುರೋಪಿನಲ್ಲಿ ಕಡ್ಡಾಯ ಸೈನ್ಯಕ್ಕೆ ಹುಡುಗರನ್ನು ವರ್ಷವಾರು ತಂಡ ಮಾಡಿ ಕರೆಯುತ್ತಿದ್ದರು. 1919ರ ಹಸುಗೂಸಿಗೆ ಇಪ್ಪತ್ತರ ಆಸುಪಾಸು ಆಗೋದು ಯಾವಾಗ? 1940. ಅಷ್ಟೇ.

ಗೀಚುಗಾರ | ಭಾನುವಾರ ರಾತ್ರಿ 9:14

ತಕರಾರು ಅವರೇ, ನೀವು ಅದನ್ನು ಚಿಕ್ಕದು ಮಾಡೋಕೆ ಹೋಗಿ ದೊಡ್ಡದು ಮಾಡಿದಿರಿ. ಜ್ಯೋತಿಷ್ಯ ಆಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಲೆಕ್ಕ ಎಲ್ಲರಿಗೂ ಬರುತ್ತಿತ್ತು. ಒಪ್ಪಂದದ ಸಂಭ್ರಮದಲ್ಲಿ ಯಾರಿಗೂ ಮಾಡೋ ಮನಸ್ಸಿರಲಿಲ್ಲ. ಆ ತಿಂಗಳು ಹುಟ್ಟಿದ ಮಗುವಿನ ವಯಸ್ಸನ್ನು ಇವನೊಬ್ಬ ಕೂಡಿ ನೋಡಿದ.

ಇನ್ನೊಂದು ಮಾತು. ಡೈಸನ್ ಯಾವ ಬುಧವಾರದ ಮೇಜಿನಲ್ಲೂ ಕೂತಿರಲಿಲ್ಲ. ಅವನ ಓದುಗರು ಕಾರ್ಮಿಕರು.

ಥೇಮ್ಸ್‌ದಂಡೆ | ಭಾನುವಾರ ರಾತ್ರಿ 9:50

ಹೊರಗಿನವರೇ ಚೆನ್ನಾಗಿ ಬರೆದರು ಅನ್ನೋದಕ್ಕೆ ಇನ್ನೊಬ್ಬರು ಸಿಗುತ್ತಾರೆ. ಬ್ರೂಸ್ ಬೇರ್ನ್ಸ್‌ಫಾದರ್. ಹುಟ್ಟಿದ್ದು 1887ರಲ್ಲಿ ಮರ್ರಿಯಲ್ಲಿ, ಆಗಿನ ಹಿಂದೂಸ್ತಾನ, ಈಗಿನ ಪಾಕಿಸ್ತಾನದ ಗಿರಿಧಾಮ. ರಾಜಕೀಯ ಚಿತ್ರಕಾರ ಅಂತ ಕರೆಯೋಕಾಗದು. ಕಂದಕದಲ್ಲಿ ಕೂತಿದ್ದ ಅಧಿಕಾರಿ. 1915ರ ನವೆಂಬರ್ 24ರ ‘ಬೈಸ್ಟ್ಯಾಂಡರ್’ ಪತ್ರಿಕೆಯಲ್ಲಿ ಬಂದ ಚಿತ್ರ: ಸುತ್ತ ಶೆಲ್ಲುಗಳು ಸಿಡಿಯುತ್ತಿವೆ. ಕೆಸರಿನ ಗುಂಡಿಯಲ್ಲಿ ಕತ್ತಿನವರೆಗೆ ಮುಳುಗಿರುವ ಇಬ್ಬರು. ಗೊಣಗುತ್ತಿರುವ ಪಕ್ಕದವನಿಗೆ ಮೀಸೆಯ ಓಲ್ಡ್ ಬಿಲ್ ಹೇಳುತ್ತಾನೆ: ‘ಇದಕ್ಕಿಂತ ಒಳ್ಳೆ ಗುಂಡಿ ಗೊತ್ತಿದ್ದರೆ ಹೋಗಪ್ಪ ಅಲ್ಲಿಗೆ.’

ಪಂಚ್‌ನಲ್ಲಿ ಸೈನಿಕ ಅಂದರೆ ಎದೆ ಉಬ್ಬಿಸಿದ ವೀರ. ಇಲ್ಲಿ ಚಳಿಯಲ್ಲಿ ಮೂಗು ಸೋರುವ ಮುದುಕ. ಇಂಥ ಅಸಹ್ಯ ವ್ಯಂಗ್ಯ ಯಾಕೆ ಅಂತ ಪಾರ್ಲಿಮೆಂಟಿನಲ್ಲೇ ದೂರು ಬಂತು. ಕಂದಕದವರು ಮಾತ್ರ ಆ ಹಾಳೆ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು.

ಡೈಲಿ ಮಿರರ್‌ನ ಹ್ಯಾಸೆಲ್ಡನ್ ಅವರನ್ನೂ ಮರೆಯಬೇಡಿ. ಜರ್ಮನಿಯ ಚಕ್ರವರ್ತಿ ಕೈಸರ್, ಅವನ ಮಗ, ಇಬ್ಬರಿಗೂ ‘ದೊಡ್ಡ ವಿಲ್ಲಿ, ಚಿಕ್ಕ ವಿಲ್ಲಿ’ ಅಂತ ಹೆಸರಿಟ್ಟು ಪೆದ್ದು ಜೋಡಿ ಮಾಡಿದರು. ಬ್ರಿಟನ್ ತಯಾರಿಸಿದ ಮೊದಲ ಟ್ಯಾಂಕಿನ ಮಾದರಿಗೂ ‘ಲಿಟ್ಲ್ ವಿಲ್ಲಿ’ ಅಂತಲೇ ಹೆಸರು ಬಿತ್ತು. ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಇದೆ, ನೀರಿನ ಟ್ಯಾಂಕರಿಗೆ ಚಕ್ರಪಟ್ಟಿ ಹಾಕಿದ ಹಾಗೆ ಕಾಣುತ್ತದೆ.

ಹಳೇಹಾಳೆ | ಭಾನುವಾರ ರಾತ್ರಿ 10:30

ಅಬ್ಬಾ, 450 ರೂಪಾಯಿಗೆ ಇಷ್ಟು! ಒಂದು ಮಾತು ಕೇಳುತ್ತೇನೆ. ದೊಡ್ಡ ಪತ್ರಿಕೆಯಲ್ಲೇ ಕೂತು, ಮಾಲೀಕರಿಗೆ ಎದುರಾಗಿ ಬರೆದವರು ಯಾರೂ ಇಲ್ಲವಾ?

ಚರಿತ್ರೆಮೇಡಂ | ಭಾನುವಾರ ರಾತ್ರಿ 10:58

ಇದ್ದಾರೆ, ಆದರೆ ಸ್ವಲ್ಪ ಆಮೇಲೆ. ಡೇವಿಡ್ ಲೋ. ನ್ಯೂಜಿಲೆಂಡಿನವರು, 1919ರಲ್ಲಿ ಲಂಡನ್ನಿನ ‘ಸ್ಟಾರ್’ ಪತ್ರಿಕೆಗೆ ಬಂದರು. ಲಾಯ್ಡ್ ಜಾರ್ಜ್ ಸಮ್ಮಿಶ್ರ ಸರ್ಕಾರವನ್ನು ಎರಡು ತಲೆಯ ಕತ್ತೆ ಮಾಡಿದರು, ಒಂದೊಂದು ತುದಿಗೆ ಒಂದೊಂದು ತಲೆ. 1927ರಲ್ಲಿ ಈವ್ನಿಂಗ್ ಸ್ಟ್ಯಾಂಡರ್ಡ್ ಸೇರಿದರು. ಅದರ ಮಾಲೀಕ ಬೀವರ್‌ಬ್ರೂಕ್, ಅಪ್ಪಟ ಬಲಪಂಥದವರು. ಲೋ ಎಡಕ್ಕೆ ವಾಲಿದವರು. ಆದರೆ ಸೇರುವಾಗಲೇ ಕರಾರಿನಲ್ಲಿ ಬರೆಸಿಕೊಂಡಿದ್ದರು, ವಿಷಯವೂ ಅಭಿಪ್ರಾಯವೂ ನನ್ನದೇ ಅಂತ. ಮಾಲೀಕರನ್ನೂ ಗುಜ್ಜಾರಿ ಮಾಡಿ ಬರೆದರು. ಧೈರ್ಯಕ್ಕೆ ಕಾಗದಪತ್ರದ ಬೆಂಬಲ ಇತ್ತು ಅನ್ನಿ.

ನಮಗೂ ಅವರಿಗೂ ಒಂದು ನಂಟಿದೆ. ಮೈಸೂರಿನಲ್ಲಿ ಒಬ್ಬ ಹುಡುಗ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಲೋ ಚಿತ್ರಗಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಇಂಗ್ಲಿಷಿನ ಆ ಸಹಿಯನ್ನು ‘ಕೌ’ ಅಂತ ಓದಿಕೊಂಡು, ಹಸು ಅನ್ನೋ ಹೆಸರಿನವರು ಯಾರೋ ಇದ್ದಾರೆ ಅಂತ ಬಹಳ ದಿನ ನಂಬಿದ್ದ. ಆ ಹುಡುಗ ಆರ್.ಕೆ. ಲಕ್ಷ್ಮಣ್. ಮುಂದೆ ನಮ್ಮ ‘ಕೊರವಂಜಿ’ಗೆ ಬರೆದವರೂ ಅವರೇ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, ಶುರು ಮಾಡಿದ ಹಾಸ್ಯ ಮಾಸಿಕ ಅದು.

ಮಸಿಡಬ್ಬಿ | ಭಾನುವಾರ ರಾತ್ರಿ 11:10

ಹಸು! ಇದು ಗೊತ್ತಿರಲಿಲ್ಲ. ಮೇಡಂ, ನಮ್ಮ ಪ್ರೆಸ್ಸಿನಲ್ಲಿ ಒಬ್ಬ ಕಲಾವಿದರ ಸಹಿ ಬ್ಲಾಕಿನಲ್ಲಿ ಉಲ್ಟಾ ಬಿದ್ದು ಎರಡು ಸಾವಿರ ಕಾಪಿ ಹೊಡೆದಿದ್ದೆವು. ಅವರು ಬಂದು ಬೈಯುತ್ತಾರೆ ಅಂತ ಹೆದರಿದ್ದೆ. ಅವರು ನೋಡಿ, ‘ಹೀಗೇ ಚೆನ್ನಾಗಿದೆ’ ಅಂದರು.

ಹಳೇಹಾಳೆ ಸರ್, ಭೂತಗನ್ನಡಿ ಇಟ್ಟಿರಾ?

ಹಳೇಹಾಳೆ | ಸೋಮವಾರ ಬೆಳಿಗ್ಗೆ 6:45

ಇಟ್ಟೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಏನೂ ತಿಳಿಯಲಿಲ್ಲ, ಬೆಳಿಗ್ಗೆ ಕಿಟಕಿ ಹತ್ತಿರ ಕೂತೆ. ನೀವು ಹೇಳಿದ್ದು ಸರಿ. ಮುದುಕನ ಕೋಟಿನ ಗೆರೆ ನಡುವೆ ದಪ್ಪ, ತುದಿಗೆ ಸಣ್ಣ. ಕೆಲವು ಕಡೆ ನಿಬ್ಬು ಕಾಗದಕ್ಕೆ ಸಿಕ್ಕಿಕೊಂಡು ಚಿಮ್ಮಿದ ಹಾಗೆ ಪುಟ್ಟ ಚುಕ್ಕೆಗಳು. ಗೇಟಿನ ಬೋರ್ಡಿನ ಅಕ್ಷರವನ್ನೂ ಕೈಯಲ್ಲೇ ಬರೆದಿದ್ದಾರೆ. ಮೂಲೆಯಲ್ಲಿ ಎಫ್.ಎಚ್. ಟೌನ್ಸೆಂಡ್ ಸಹಿ.

ಗೀಚುಗಾರ ಹೇಳಿದ ಹಾವಿನ ಚಿತ್ರವನ್ನು ನೆಟ್‌ನಿಂದ ಇಳಿಸಿ, ಪ್ರಿಂಟ್ ತೆಗೆದು ಇದರ ಪಕ್ಕ ಇಟ್ಟಿದ್ದೇನೆ. 1906ರ ಓಡುವ ಹೆಂಗಸಿನ ಕಂಕುಳಲ್ಲಿ ಮಗು, 1914ರಲ್ಲಿ ಕೋಲು ಹಿಡಿದ ಹುಡುಗ. ಅಷ್ಟರಲ್ಲಿ ಹೆಂಡತಿ ಕಾಫಿ ತಂದು ಎರಡನ್ನೂ ನೋಡಿದಳು. ‘ಇವೆರಡೂ ಒಂದೇ ದೇಶದ ಕಥೆಯಾ?’ ಅಂದಳು. ಹೌದು ಅಂದೆ. ಹಾವಿನ ಚಿತ್ರವನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ‘ಈ ಮಗುವಿಗೆ ಆಮೇಲೆ ಯಾರೂ ಶಭಾಷ್ ಬರೆಯಲಿಲ್ವಾ?’ ಅಂತ ಕೇಳಿ ಒಳಗೆ ಹೋದಳು.

ಸಂಪುಟದಲ್ಲಿ ಇನ್ನೂ ನಾಲ್ಕು ತಿಂಗಳ ಸಂಚಿಕೆ ಬಾಕಿ ಇದೆ. ಅಕ್ಟೋಬರ್ 21ರ ಚಿತ್ರದ ಫೋಟೋ ಸಂಜೆ ಹಾಕುತ್ತೇನೆ. ಅದರಲ್ಲಿ ಬೆಲ್ಜಿಯಂನ ಹೊಸ ರಾಜ ಇದ್ದಾನೆ, ಜೊತೆಗೆ ಕೈಸರ್.